ಯುದ್ಧ ಮುಗಿದ ಮೇಲೂ ಕಥೆ ಓಡುವುದು ಹೇಗೆ: ಜೈಮಿನಿ ಭಾರತಕ್ಕೊಂದು ಕೈಪಿಡಿ

ದೊಡ್ಡ ಕಥಾಸರಣಿಗಳ ಅಭಿಮಾನಿಗಳು ನಂತರದ ಭಾಗಗಳ ಬಗ್ಗೆ ಸಾಮಾನ್ಯವಾಗಿ ಒಂದೇ ದೂರು ಹೇಳುತ್ತಾರೆ: ಮುಖ್ಯ ಶತ್ರು ಸತ್ತಾಯಿತು, ಸಿಂಹಾಸನ ಸಿಕ್ಕಾಯಿತು, ಇನ್ನೇನು ಉಳಿದಿದೆ ಎಂದು ಈ ಪುಸ್ತಕ? ದೂರಿನಲ್ಲಿ ಹುರುಳಿದೆ. ನಾಯಕ ಅಜೇಯ ಎಂದು ಹಿಂದಿನ ಭಾಗದಲ್ಲೇ ಸಾಬೀತಾಗಿರುವಾಗ ಅವನು ಇನ್ನೊಮ್ಮೆ ಗೆಲ್ಲುವುದನ್ನು ನೋಡುವುದರಲ್ಲಿ ಕುತೂಹಲ ಇರುವುದಿಲ್ಲ. ಹಾಗಾಗಿ ಬರೆಯುವವರು ಹಳೆಯ ಶತ್ರುವಿಗಿಂತ ದೊಡ್ಡ ಶತ್ರುವನ್ನು ಹುಟ್ಟಿಸುತ್ತಾರೆ, ಆಮೇಲೆ ಅವನಿಗಿಂತಲೂ ದೊಡ್ಡವನನ್ನು. ಮೂರನೆಯ ಸಲಕ್ಕೆ ಓದುಗನಿಗೆ ಆಕಳಿಕೆ ಬರುತ್ತದೆ.

ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿದ ಕೃತಿಯೊಂದು ಚಿಕ್ಕಮಗಳೂರು ಜಿಲ್ಲೆಯವರಿಗೆ ಮನೆಯ ಆಸ್ತಿ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಬರೆದ ಜೈಮಿನಿ ಭಾರತ. ಕವಿಯ ಊರು ಸುರಪುರದ ಕಡೆಯದು ಎಂಬ ವಾದವೂ ವಿದ್ವಾಂಸರಲ್ಲಿದೆ, ಕಾಲದ ಬಗ್ಗೆಯೂ ಒಮ್ಮತವಿಲ್ಲ; ಹದಿನಾರನೆಯ ಶತಮಾನ ಎನ್ನುವವರು ಹೆಚ್ಚು. ಕಾವ್ಯದಲ್ಲಿ ಅವನು ಸ್ತುತಿಸುವುದು ದೇವಪುರದ ಲಕ್ಷ್ಮೀರಮಣನನ್ನು, ದೇವನೂರಿನಲ್ಲಿ ಇಂದಿಗೂ ಲಕ್ಷ್ಮೀಕಾಂತನ ದೇವಸ್ಥಾನವಿದೆ. ಕಡೂರಿನವರಿಗೆ ಅಷ್ಟು ಸಾಕು.

ಸರಣಿಯಲ್ಲಿ ಇದರ ಜಾಗ ಯಾವುದು ಎಂದು ಮೊದಲು ತಿಳಿದಿರಬೇಕು. ವ್ಯಾಸ ಭಾರತದ ಹದಿನೆಂಟು ಪರ್ವಗಳಲ್ಲಿ ಅಶ್ವಮೇಧ ಪರ್ವ ಹದಿನಾಲ್ಕನೆಯದು. ಕನ್ನಡದಲ್ಲಿ ಕುಮಾರವ್ಯಾಸ ಹತ್ತು ಪರ್ವ ಹಾಡಿ, ದುರ್ಯೋಧನನ ತೊಡೆ ಮುರಿಯುವ ಗದಾಪರ್ವದೊಂದಿಗೆ ಕಾವ್ಯ ಮುಗಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಲಕ್ಷ್ಮೀಶ ಈ ಸಾಲಿನಲ್ಲಿ ಕೂರಲಿಲ್ಲ. ಅವನು ಕೈಗೆತ್ತಿಕೊಂಡದ್ದು ವ್ಯಾಸನ ಪಾಠವನ್ನಲ್ಲ, ಜೈಮಿನಿ ಮುನಿಯ ಹೆಸರಿನಲ್ಲಿರುವ ಬೇರೆಯೇ ಸಂಸ್ಕೃತ ಅಶ್ವಮೇಧ ಪರ್ವವನ್ನು. ಜೈಮಿನಿ ಇಡೀ ಭಾರತವನ್ನೇ ಬರೆದಿದ್ದ, ಅದರಲ್ಲಿ ಉಳಿದದ್ದು ಇದೊಂದೇ ಎಂಬ ಕಥೆಯೂ ಇದೆ. ಸುಧನ್ವ, ಮಯೂರಧ್ವಜ, ಚಂದ್ರಹಾಸ ಇವರ್‍ಯಾರೂ ವ್ಯಾಸನ ಅಶ್ವಮೇಧದಲ್ಲಿಲ್ಲ. ಎರಡರಲ್ಲೂ ಬರುವ ಮುಖ್ಯ ಪ್ರಸಂಗವೆಂದರೆ ಅರ್ಜುನನ ಮಗ ಬಭ್ರುವಾಹನನದು.

ಕಥೆ ಕೇಳುವವನು ಜನಮೇಜಯ, ಹೇಳುವವನು ಜೈಮಿನಿ. ಚಿಕ್ಕಮಗಳೂರು ಪೇಟೆಗೆ ಅಂಟಿಕೊಂಡಿರುವ ಹಿರೇಮಗಳೂರಿನ ಯೂಪಸ್ತಂಭವನ್ನು ಇದೇ ಜನಮೇಜಯನ ಸರ್ಪಯಾಗದ ಕಂಬವೆಂದು ಸ್ಥಳೀಯರು ತೋರಿಸುತ್ತಾರೆ. ಕಥೆ ಕೇಳಿದವನ ನೆನಪು ಒಂದು ಊರಲ್ಲಿ, ಅದನ್ನು ಕನ್ನಡಕ್ಕೆ ತಂದವನದು ಇನ್ನೊಂದು ಊರಲ್ಲಿ, ಎರಡೂ ಒಂದೇ ಜಿಲ್ಲೆಯಲ್ಲಿ.

ಶತ್ರುವೇ ಇಲ್ಲದ ಯುದ್ಧ

ಹಂದರ ಸರಳ. ಬಂಧುಗಳನ್ನು ಕೊಂದ ಪಾಪದಿಂದ ಧರ್ಮರಾಯ ಕೊರಗುತ್ತಾನೆ, ವ್ಯಾಸರು ಅಶ್ವಮೇಧ ಮಾಡು ಎನ್ನುತ್ತಾರೆ. ಲಕ್ಷಣವುಳ್ಳ ಕುದುರೆ ಯೌವನಾಶ್ವನ ಭದ್ರಾವತಿಯಲ್ಲಿದೆ. ಭೀಮ, ಕರ್ಣನ ಮಗ ವೃಷಕೇತು, ಘಟೋತ್ಕಚನ ಮಗ ಮೇಘನಾದ ಹೋಗಿ ತರುತ್ತಾರೆ. ಹಣೆಗೆ ಪಟ್ಟಿ ಕಟ್ಟಿ ಬಿಟ್ಟ ಕುದುರೆಯ ಹಿಂದೆ ಅರ್ಜುನ ಹೊರಡುತ್ತಾನೆ. ಯಾರಾದರೂ ಕಟ್ಟಿದರೆ ಕಾಳಗ.

ಕಾವ್ಯದ ಜಾಣತನ ಎದುರಾಳಿಗಳ ಆಯ್ಕೆಯಲ್ಲಿದೆ. ಕುದುರೆ ಕಟ್ಟುವವರಲ್ಲಿ ಹೆಚ್ಚಿನವರು ದುಷ್ಟರಲ್ಲ, ಕೃಷ್ಣಭಕ್ತರು. ಅರ್ಜುನನೊಡನೆ ಅವರಿಗೆ ಹಗೆಯೂ ಇಲ್ಲ. ಕುದುರೆ ಕಟ್ಟಿದರೆ ಅರ್ಜುನ ಬರುತ್ತಾನೆ, ಅರ್ಜುನ ಸೋಲುವಂತಾದರೆ ಕೃಷ್ಣ ಬರುತ್ತಾನೆ, ಕೃಷ್ಣನನ್ನು ಕಣ್ಣಾರೆ ಕಾಣಬಹುದು. ಲೆಕ್ಕ ಇಷ್ಟೇ. ಹೀಗಾಗಿ ‘ಯಾರು ಗೆಲ್ಲುತ್ತಾರೆ’ ಎಂಬ ಪ್ರಶ್ನೆ ಬದಿಗೆ ಸರಿದು, ‘ಕೃಷ್ಣ ಯಾರವನು’ ಎಂಬುದು ಮುಂದೆ ಬರುತ್ತದೆ. ಹತ್ತು ಪರ್ವಗಳ ಉದ್ದಕ್ಕೂ ಕೃಷ್ಣ ನಮ್ಮವನು ಎಂದು ನಂಬಿದ್ದ ಅರ್ಜುನನಿಗೆ ಇಲ್ಲಿ ಪದೇ ಪದೇ ಪೆಟ್ಟು ಬೀಳುವುದು ಆ ನಂಬಿಕೆಗೇ.

ತಾಮ್ರಧ್ವಜನ ಭಾಗದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಅವನ ಅಪ್ಪ ಮಯೂರಧ್ವಜನೂ ಅಶ್ವಮೇಧಕ್ಕೆ ಕುದುರೆ ಬಿಟ್ಟಿದ್ದಾನೆ, ದಾರಿಯಲ್ಲಿ ಎರಡು ಕುದುರೆಗಳೂ ಸೇರುತ್ತವೆ. ತಾಮ್ರಧ್ವಜ ಕೃಷ್ಣಾರ್ಜುನರಿಬ್ಬರನ್ನೂ ಮೂರ್ಛೆಗೊಳಿಸಿ ಎರಡು ಕುದುರೆಗಳನ್ನೂ ಹೊಡೆದುಕೊಂಡು ರತ್ನಪುರಕ್ಕೆ ಬರುತ್ತಾನೆ. ಅಪ್ಪ ಬೆನ್ನು ತಟ್ಟುವ ಬದಲು ಬೈಯುತ್ತಾನೆ: ಕೃಷ್ಣನನ್ನು ಅಲ್ಲೇ ಬಿಟ್ಟು ಕುದುರೆ ತಂದೆಯಾ! ಆಮೇಲೆ ಕೃಷ್ಣ ಮುದಿ ಬ್ರಾಹ್ಮಣನ ವೇಷದಲ್ಲಿ, ಅರ್ಜುನನನ್ನು ಶಿಷ್ಯನನ್ನಾಗಿ ಮಾಡಿಕೊಂಡು ಬರುತ್ತಾನೆ. ನನ್ನ ಮಗನನ್ನು ಸಿಂಹ ಹಿಡಿದಿದೆ, ನಿನ್ನ ಅರ್ಧ ದೇಹ ಕೊಟ್ಟರೆ ಬಿಡುತ್ತದಂತೆ, ಅದನ್ನೂ ನಿನ್ನ ಹೆಂಡತಿ ಮಕ್ಕಳೇ ಗರಗಸದಿಂದ ಸೀಳಿ ಕೊಡಬೇಕು ಎನ್ನುತ್ತಾನೆ. ಸೀಳುವಾಗ ರಾಜನ ಎಡಗಣ್ಣಿನಲ್ಲಿ ನೀರು. ಅಳುತ್ತಾ ಕೊಟ್ಟ ದಾನ ಬೇಡ ಎಂದು ಬ್ರಾಹ್ಮಣ ತಿರುಗಿದರೆ ರಾಜ ಹೇಳುವ ಮಾತು, ಬಲಭಾಗ ಪರೋಪಕಾರಕ್ಕೆ ಸಂದಿತು, ತಾನು ಯಾವುದಕ್ಕೂ ಬರಲಿಲ್ಲವಲ್ಲ ಎಂದು ಎಡಭಾಗ ಅಳುತ್ತಿದೆ. ಪಕ್ಕದಲ್ಲಿ ಶಿಷ್ಯನ ವೇಷದಲ್ಲಿ ನಿಂತ ಅರ್ಜುನನಿಗೆ ಈ ಇಡೀ ಪ್ರಸಂಗದಲ್ಲಿ ನೋಡುವುದರ ಹೊರತು ಕೆಲಸವಿಲ್ಲ. ನಾಯಕನನ್ನು ಪ್ರೇಕ್ಷಕನನ್ನಾಗಿ ನಿಲ್ಲಿಸುವ ಧೈರ್ಯ ನಂತರದ ಭಾಗ ಬರೆಯುವ ಎಲ್ಲರಿಗೂ ಇರುವುದಿಲ್ಲ.

ಜ್ವಾಲೆಯ ಬಾಣ

ಬಿಡಿ ಕಥೆಗಳ ಮಾಲೆ ಎಂದು ಈ ಕಾವ್ಯವನ್ನು ತಳ್ಳಿಹಾಕುವವರು ಗಮನಿಸದ ದಾರವೊಂದಿದೆ. ಅದನ್ನು ಹಿಡಿದು ಓದಿದರೆ ಮೊದಲರ್ಧ ಒಂದೇ ಕಥೆಯಾಗುತ್ತದೆ.

ಮಾಹಿಷ್ಮತಿಯ ನೀಲಧ್ವಜನಿಗೆ ಅಗ್ನಿಯೇ ಅಳಿಯ. ಅಗ್ನಿಯನ್ನು ಅರ್ಜುನ ಸಮಾಧಾನಪಡಿಸಿದ ಮೇಲೆ ನೀಲಧ್ವಜ ಕುದುರೆ ಒಪ್ಪಿಸಲು ಸಿದ್ಧನಾಗುತ್ತಾನೆ. ಅವನ ಹೆಂಡತಿ ಜ್ವಾಲೆ ಒಪ್ಪುವುದಿಲ್ಲ. ಅವಳ ಮಾತು ಕೇಳಿ ಮತ್ತೆ ಯುದ್ಧಕ್ಕೆ ಹೋದ ನೀಲಧ್ವಜ ಸೋತು ಬಂದು ಅವಳನ್ನು ಹೊರಹಾಕುತ್ತಾನೆ. ಅವಳು ತಮ್ಮನನ್ನು ಕೆರಳಿಸಲು ನೋಡುತ್ತಾಳೆ, ಅಲ್ಲೂ ನಡೆಯುವುದಿಲ್ಲ. ಕೊನೆಗೆ ಗಂಗೆ ದಾಟುವಾಗ ನೀರು ಮೈಗೆ ಸೋಕಿದ್ದಕ್ಕೆ ಹೇಸಿದವಳಂತೆ ಆಡುತ್ತಾಳೆ. ಏಳು ಮಕ್ಕಳನ್ನು ನೀರಿಗೆ ಹಾಕಿದವಳು ನೀನು, ಉಳಿದ ಒಬ್ಬ ಭೀಷ್ಮನನ್ನೂ ಅರ್ಜುನ ಶಿಖಂಡಿಯನ್ನು ಮುಂದಿಟ್ಟುಕೊಂಡು ಕೊಂದ, ಸುಮ್ಮನಿದ್ದೀಯ ಎಂದು ಚುಚ್ಚುತ್ತಾಳೆ. ಆರು ತಿಂಗಳೊಳಗೆ ಅರ್ಜುನನ ತಲೆ ಬೀಳಲಿ ಎಂದು ಗಂಗೆ ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ.

ಆಮೇಲೆ ಕಾವ್ಯ ಈ ವಿಷಯ ಮರೆತಂತೆ ಮುಂದೆ ಹೋಗುತ್ತದೆ. ಗಂಡ ಹೇಳಿದ್ದಕ್ಕೆ ತದ್ವಿರುದ್ಧ ಮಾಡಿ ಕಲ್ಲಾಗಿ ಹೋದ ಚಂಡಿ, ಎಣ್ಣೆ ಕೊಪ್ಪರಿಗೆಯ ಸುಧನ್ವ, ಪ್ರಮೀಳೆಯ ಸ್ತ್ರೀರಾಜ್ಯ, ರಾಕ್ಷಸ ಭೀಷಣ, ಇಷ್ಟೆಲ್ಲ ಆಗುವಾಗ ಶಾಪದ ಗಡುವು ಒಳಗೊಳಗೇ ಸವೆಯುತ್ತಿರುತ್ತದೆ. ಕುದುರೆ ಮಣಿಪುರಕ್ಕೆ ಬಂದಾಗ ಬಭ್ರುವಾಹನ ಕಾಣಿಕೆ ಹಿಡಿದು ಅಪ್ಪನ ಕಾಲಿಗೆ ಬೀಳುತ್ತಾನೆ. ಅರ್ಜುನ ಅವನನ್ನು ಒದ್ದು, ನೀನು ನನ್ನ ಮಗನಲ್ಲ ಎಂದು ತಾಯಿಯನ್ನೂ ಸೇರಿಸಿ ಹೀಯಾಳಿಸುತ್ತಾನೆ. ಗಂಗೆಯ ಶಾಪ ಗೊತ್ತಿಲ್ಲದವನಿಗೆ ಇಲ್ಲಿ ಅರ್ಜುನನ ನಡತೆ ಅರ್ಥವಾಗುವುದಿಲ್ಲ. ವೀರನೊಬ್ಬ ಹೀಗೇಕೆ ಕೀಳಾಗಿ ಆಡುತ್ತಾನೆ ಎಂದು ಪುಸ್ತಕ ಮುಚ್ಚುವವರೂ ಇದ್ದಾರೆ. ಗೊತ್ತಿದ್ದವನಿಗೆ ಪ್ರತಿ ಮಾತೂ ಅವನು ತನ್ನ ಕೊರಳಿಗೆ ತಾನೇ ಹತ್ತಿರ ಎಳೆದುಕೊಳ್ಳುವ ಬಾಣ. ಕಾಳಗದಲ್ಲಿ ವೃಷಕೇತು ಸಾಯುತ್ತಾನೆ, ಆಮೇಲೆ ಅರ್ಜುನ.

ಇದೇ ಜಾಗದಲ್ಲಿ ಜೈಮಿನಿ ಇನ್ನೊಂದು ಅಪ್ಪ–ಮಕ್ಕಳ ಕಾಳಗವನ್ನು ನೆನೆಯುತ್ತಾನೆ. ಹೇಗೆ ರಾಮನಿಗೂ ಕುಶಲವರಿಗೂ ಯುದ್ಧವಾಯಿತೋ ಹಾಗೆ ಎಂದಾಗ ಜನಮೇಜಯ ಅದೇನು ಕಥೆ ಎಂದು ಕೇಳುತ್ತಾನೆ, ಸೀತಾಪರಿತ್ಯಾಗದಿಂದ ಹಿಡಿದು ಇಡೀ ಉತ್ತರ ರಾಮಾಯಣ ನಡುವೆ ಬಂದು ಕೂರುತ್ತದೆ. ಮೊದಲ ಸಲ ಓದುವವರು ಇಲ್ಲಿ ದಾರಿ ತಪ್ಪುವುದು ಸಹಜ. ಬಭ್ರುವಾಹನನ ಕಥೆ ಎಲ್ಲಿ ನಿಂತಿತ್ತು ಎಂದು ಗುರುತು ಹಾಕಿಟ್ಟುಕೊಳ್ಳಬೇಕು. ಬಿಟ್ಟು ಮುಂದೆ ಹೋಗುವುದಂತೂ ಬೇಡ, ಲಕ್ಷ್ಮಣ ಸೀತೆಯನ್ನು ಕಾಡಿನಲ್ಲಿ ಬಿಟ್ಟು ಹೊರಡುವ ಪದ್ಯಗಳು ಈ ಕಾವ್ಯದ ತಿರುಳು.

ಅರ್ಜುನ ಸತ್ತ ಮೇಲೆ ಶೇಷನ ಬಳಿಯಿಂದ ಸಂಜೀವಕ ಮಣಿ ತರಬೇಕು. ಧೃತರಾಷ್ಟ್ರನೆಂಬ ನಾಗ ಅಡ್ಡ ಹಾಕುತ್ತಾನೆ, ಅರ್ಜುನನ ತಲೆಯೇ ಕಳುವಾಗುತ್ತದೆ, ಕೃಷ್ಣ ಬಂದು ತನ್ನ ಬ್ರಹ್ಮಚರ್ಯದ ಆಣೆಯಿಟ್ಟು ಅದನ್ನು ತರಿಸುತ್ತಾನೆ. ಹದಿನಾರು ಸಾವಿರ ಹೆಂಡಿರ ಗಂಡ ಬ್ರಹ್ಮಚರ್ಯದ ಮೇಲೆ ಆಣೆಯಿಡುವುದು, ತಲೆ ಬಂದೇ ಬಿಡುವುದು! ಈ ಕಾವ್ಯಕ್ಕೆ ನಗೆ ಗೊತ್ತಿಲ್ಲ ಎನ್ನುವವರು ಇಲ್ಲೊಮ್ಮೆ ನಿಂತು ನೋಡಬೇಕು.

ಸುಧನ್ವ ಯಾಕೆ ಮೇಲು

ಒಂದೇ ಒಂದು ಕಥೆ ಓದುವಷ್ಟು ಪುರುಸೊತ್ತು ಇದ್ದವರು ಸುಧನ್ವನದನ್ನು ಓದಲಿ. ಚಂಪಕಾಪುರಿಯ ಹಂಸಧ್ವಜನ ಕಟ್ಟಪ್ಪಣೆ, ಯುದ್ಧಕ್ಕೆ ತಡವಾಗಿ ಬಂದವನನ್ನು ಕುದಿಯುವ ಎಣ್ಣೆಗೆ ಹಾಕಬೇಕು. ಹೆಂಡತಿ ಪ್ರಭಾವತಿಯ ಕೋರಿಕೆಗೆ ಕಟ್ಟುಬಿದ್ದು ತಡವಾದವನು ರಾಜನ ಮಗ ಸುಧನ್ವನೇ. ಅಪ್ಪ ಹಿಂಜರಿಯುತ್ತಾನೆ, ಪುರೋಹಿತರಾದ ಶಂಖ–ಲಿಖಿತರು ಬಿಡುವುದಿಲ್ಲ. ಎಣ್ಣೆಗೆ ಬಿದ್ದ ಹುಡುಗ ಹರಿಯ ಸ್ಮರಣೆ ಮಾಡುತ್ತಾ ತಣ್ಣಗೆ ಕೂತಿದ್ದಾನೆ. ಎಣ್ಣೆ ಕಾದಿಲ್ಲವೇನೋ ಎಂದು ಪುರೋಹಿತರು ಪರೀಕ್ಷೆಗೆ ತೆಂಗಿನಕಾಯಿ ಹಾಕಿದರೆ ಅದು ಸಿಡಿದು ಎರಡು ಹೋಳಾಗಿ ಇಬ್ಬರಿಗೂ ಬಡಿಯುತ್ತದೆ.

ಆಮೇಲಿನ ಯುದ್ಧದಲ್ಲಿ ಅರ್ಜುನ ಮೂರೇ ಬಾಣದಲ್ಲಿ ಇವನ ತಲೆ ತೆಗೆಯುತ್ತೇನೆ ಎಂದು ಪ್ರತಿಜ್ಞೆ ಮಾಡುತ್ತಾನೆ, ಮೂರನ್ನೂ ಕತ್ತರಿಸುತ್ತೇನೆ ಎಂದು ಸುಧನ್ವನ ಪ್ರತಿಜ್ಞೆ. ಗೋವರ್ಧನ ಎತ್ತಿದ ಪುಣ್ಯವನ್ನು ಕೃಷ್ಣ ಬಾಣಕ್ಕೆ ಧಾರೆ ಎರೆಯುತ್ತಾನೆ, ಅದೂ ತುಂಡಾಗುತ್ತದೆ. ಮೂರನೆಯದೂ ತುಂಡಾಗುತ್ತದೆ, ಆದರೆ ಅದರ ಮುಂದಿನ ಅರ್ಧ ಹಾರಿ ಹೋಗಿ ತಲೆ ಕತ್ತರಿಸುತ್ತದೆ. ಇಬ್ಬರ ಮಾತೂ ಉಳಿಯಿತು. ಕತ್ತರಿಸಿದ ತಲೆ ಬಿದ್ದದ್ದು ಕೃಷ್ಣನ ಪಾದದ ಮೇಲೆ.

ಈ ಕಥೆ ಮಿಕ್ಕವುಗಳಿಗಿಂತ ಮೇಲೆ ನಿಲ್ಲಲು ಕಾರಣ ಸತ್ತವನು ಮತ್ತೆ ಏಳುವುದಿಲ್ಲ ಎಂಬುದು. ಜೈಮಿನಿ ಭಾರತದ ನಿಜವಾದ ದೌರ್ಬಲ್ಯ ಇಲ್ಲೇ ಇದೆ. ಅರ್ಜುನ ಏಳುತ್ತಾನೆ, ವೃಷಕೇತು ಏಳುತ್ತಾನೆ, ಸೀಳಿದ ಮಯೂರಧ್ವಜ ಇಡಿಯಾಗುತ್ತಾನೆ, ಚಂದ್ರಹಾಸನ ಕಥೆಯಲ್ಲಿ ಮಂತ್ರಿ ದುಷ್ಟಬುದ್ಧಿ ಮತ್ತು ಅವನ ಮಗ ಮದನ ಕೂಡ ಏಳುತ್ತಾರೆ. ಸಾವಿಗೆ ಬೆಲೆಯಿಲ್ಲದ ಕಡೆ ಭಯಕ್ಕೂ ಬೆಲೆಯಿಲ್ಲ. ಎರಡನೆಯ ದೋಷ ಪುನರಾವರ್ತನೆ. ನೀಲಧ್ವಜನಿಗೆ ಅಗ್ನಿ ಅಳಿಯನಾದರೆ, ಮುಂದೆ ವೀರವರ್ಮನಿಗೆ ಯಮನೇ ಅಳಿಯ. ಒಂದೇ ಉಪಾಯ ಎರಡು ಸಲ, ಎರಡನೆಯ ಸಲ ಬಿಗಿ ಕಡಿಮೆ. ಭಕ್ತಿಕಾವ್ಯಕ್ಕೆ ಇಂಥ ತಕರಾರು ಸಲ್ಲದು ಎನ್ನುವವರಿದ್ದಾರೆ. ಕಥೆಯಾಗಿ ಓದುವವರಿಗೆ ಸಲ್ಲುತ್ತದೆ.

ಆರು ಸಾಲಿನ ಲೆಕ್ಕ

ಕಥೆಯ ರುಚಿ ಹತ್ತಿದವರೂ ಮೂಲ ತೆರೆದ ಕೂಡಲೇ ಸೋಲುವುದು ಭಾಷೆಗೆ. ಕಾವ್ಯದಲ್ಲಿ 34 ಸಂಧಿ (ಅಧ್ಯಾಯ), ಸುಮಾರು 1,900 ಪದ್ಯ, ಎಲ್ಲವೂ ಆರು ಸಾಲಿನ ವಾರ್ಧಕ ಷಟ್ಪದಿ. ಅಕ್ಷರ ಉಚ್ಚರಿಸುವ ಕಾಲದ ಅಳತೆಗೆ ಮಾತ್ರೆ, ಮಾತ್ರೆಗಳ ಗುಂಪಿಗೆ ಗಣ, ಎರಡು ಮಾತ್ರೆಯ ಅಕ್ಷರಕ್ಕೆ ಗುರು ಎನ್ನುತ್ತಾರೆ. ಒಂದು ಮತ್ತು ಎರಡನೆಯ ಸಾಲು, ನಾಲ್ಕು ಮತ್ತು ಐದನೆಯ ಸಾಲು, ಇವುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣ, ಎಂದರೆ ತಲಾ 20 ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಐದು ಮಾತ್ರೆಯ ಆರು ಗಣ, ಕೊನೆಗೊಂದು ಗುರು, ತಲಾ 32. ಒಟ್ಟು 144. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು–ನಾಲ್ಕು ಮಾತ್ರೆಗಳ ಗಣಗಳು ಬದಲಾಯಿಸುತ್ತಾ ಬರುತ್ತವೆ, ಸಣ್ಣ ಸಾಲಿಗೆ 14, ದೊಡ್ಡದಕ್ಕೆ 23, ಒಟ್ಟು 102. ಕುಮಾರವ್ಯಾಸನಿಂದ ನೇರವಾಗಿ ಇಲ್ಲಿಗೆ ಬಂದವರು ಅದೇ ಓಟದಲ್ಲಿ ಓದಿ ಏದುಸಿರು ಬಿಡುತ್ತಾರೆ. ಇದು ಐದರ ನಡೆ, ಸಾವಧಾನವಾಗಿ ಹೋಗಬೇಕು.

ಮೊದಲ ಪದ್ಯದ ಮೊದಲ ಸಾಲನ್ನೇ ನೋಡಿ: ‘ಶ್ರೀವಧುವಿನಂಬಕಚಕೋರಕಂ ಪೊರೆಯೆ ಭ’. ಬಿಡಿಸಿದರೆ ಶ್ರೀವಧುವಿ / ನಂಬಕಚ / ಕೋರಕಂ / ಪೊರೆಯೆ ಭ. ದೀರ್ಘಾಕ್ಷರಕ್ಕೆ, ಸೊನ್ನೆಯಿರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು ಮಾತ್ರೆ, ಮಿಕ್ಕದ್ದಕ್ಕೆ ಒಂದು. ಮೊದಲ ಮೂರು ಗಣ ಐದೈದಕ್ಕೆ ಸರಿಹೋಗುತ್ತವೆ, ಕೊನೆಯದು ನಾಲ್ಕೇ ಆಗುತ್ತದಲ್ಲ ಎಂದು ಹೊಸಬರು ತಡವರಿಸುತ್ತಾರೆ. ಎರಡನೆಯ ಸಾಲು ‘ಕ್ತಾವಳಿಯ’ ಎಂದು ಶುರುವಾಗುತ್ತದೆ. ಪದ ‘ಭಕ್ತಾವಳಿ’, ಸಾಲು ಅದರ ನಡುವೆ ಮುರಿದಿದೆ, ಮುಂದೆ ಒತ್ತಕ್ಷರ ಇರುವುದರಿಂದ ‘ಭ’ ಗುರುವಾಗಿ ಐದು ತುಂಬುತ್ತದೆ. ಸಾಲಿನ ಕೊನೆಯಲ್ಲಿ ಉಸಿರು ನಿಲ್ಲಿಸಿದರೆ ಅರ್ಥವೂ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ. ಕಣ್ಣು ಸಾಲಿನಲ್ಲಿರಲಿ, ನಾಲಗೆ ಪದದಲ್ಲಿರಲಿ.

ಅರ್ಥ ಬಿಡಿಸಲು ಹಿಂದಿನಿಂದ ಬರುವುದೇ ಸುಲಭ. ‘ಪೊರೆಯೆ’, ‘ಬಿರಿಯೆ’ ಎಂದು ‘ಎ’ಕಾರದಲ್ಲಿ ಮುಗಿಯುವ ಕ್ರಿಯೆಗಳು ಜೊತೆಜೊತೆಗೆ ನಡೆಯುವ ಬದಿಯ ಸಂಗತಿಗಳನ್ನು ಹೇಳುತ್ತವೆ, ಮುಖ್ಯ ಮಾತು ಸಾಮಾನ್ಯವಾಗಿ ಕೊನೆಯ ಸಾಲುಗಳಲ್ಲಿ ಇರುತ್ತದೆ. ಈ ಪದ್ಯದಲ್ಲೂ ಲಕ್ಷ್ಮಿಯ ಕಣ್ಣೆಂಬ ಚಕೋರ (ಬೆಳದಿಂಗಳು ಕುಡಿಯುವ ಹಕ್ಕಿ), ಭಕ್ತರ ಹೃದಯವೆಂಬ ನೈದಿಲೆ ಮೊಗ್ಗು ಎಲ್ಲ ಮೊದಲೇ ಬಂದು, ಇವುಗಳಿಗೆಲ್ಲ ಕಾರಣನಾದ ಚಂದ್ರ, ಎಂದರೆ ದೇವಪುರದ ಲಕ್ಷ್ಮೀರಮಣನ ಮುಖ, ಆಮೇಲೆ ಕಾಣಿಸಿಕೊಳ್ಳುತ್ತದೆ. ಚಂದ್ರ ಸಿಕ್ಕಿದ ಮೇಲೆ ಮೇಲಕ್ಕೆ ಹೋದರೆ ಚಕೋರ, ನೈದಿಲೆ ತಾವಾಗಿಯೇ ಜಾಗಕ್ಕೆ ಬರುತ್ತವೆ. ಇವನಿಗೆ ಉಪಮಾಲೋಲ ಎಂಬ ಬಿರುದು ಸುಮ್ಮನೆ ಬಂದಿಲ್ಲ. ಆದರೆ ಪ್ರತಿ ಉಪಮೆಯನ್ನೂ ಮೊದಲ ಓದಿನಲ್ಲೇ ಬಿಡಿಸುತ್ತೇನೆ ಎಂದು ಹಟ ಹಿಡಿದವರು ಎರಡನೆಯ ಸಂಧಿ ದಾಟುವುದು ಅನುಮಾನ.

ಯುದ್ಧದ ಪದ್ಯಗಳಲ್ಲಿ ಯಾರು ಯಾರಿಗೆ ಹೊಡೆದರು ಎಂಬುದು ತಿರುಗುಮುರುಗಾಗುವುದು ಸೊನ್ನೆಯ ದೆಸೆಯಿಂದ. ‘ಪಾರ್ಥಂ’ ಎಂದರೆ ಪಾರ್ಥನು, ಹೊಡೆದವನು. ‘ಪಾರ್ಥನಂ’ ಎಂದರೆ ಪಾರ್ಥನನ್ನು, ಪೆಟ್ಟು ತಿಂದವನು. ‘ಕುದುರೆಯಂ’ ಎಂದರೆ ಕುದುರೆಯನ್ನು. ಅದರ ಜೊತೆ ‘ಒಳ್’ ಎಂದರೆ ‘ಅಲ್ಲಿ’, ‘ಇಂ’ ಎಂದರೆ ‘ಇಂದ’, ಪದದ ಮೊದಲ ‘ಪ’ವನ್ನು ‘ಹ’ ಮಾಡಿ ನೋಡುವುದು (ಪೇಳ್–ಹೇಳು, ಪೊಗು–ಹೊಗು). ಇಷ್ಟು ಕೈವಶವಾದರೆ ತಾತ್ಪರ್ಯದ ಕಡೆ ಕಣ್ಣು ಹಾಯಿಸುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎಲ್ಲಿಂದ ಹಿಡಿಯುವುದು

ಮೊದಲಿನಿಂದ ಶುರು ಮಾಡುವುದೇ ಹೆಚ್ಚಿನವರು ಮಾಡುವ ತಪ್ಪು. ಕುದುರೆ ತರುವ ಸಂಧಿಗಳು ನಿಧಾನ. ಮೂಲ ಮತ್ತು ತಾತ್ಪರ್ಯ ಎರಡೂ ಇರುವ ಪ್ರತಿ ಇಟ್ಟುಕೊಂಡು ಚಂದ್ರಹಾಸನಿಂದ ಹಿಡಿಯಬಹುದು. ನಾರದ ಅರ್ಜುನನಿಗೆ ಹೇಳುವ ಈ ಕಥೆ ಬಿಡಿಯಾಗಿಯೂ ನಿಲ್ಲುತ್ತದೆ, ಯುದ್ಧವರ್ಣನೆಯ ತೊಡಕೂ ಕಡಿಮೆ. ಕಾಲಿಗೆ ಆರನೆಯ ಬೆರಳಿರುವ ಅನಾಥ ಹುಡುಗ, ಅವನು ಮುಂದೆ ದೊರೆಯಾಗುತ್ತಾನೆಂದು ತಿಳಿದು ಕೊಲ್ಲಿಸಲು ಹೊರಟ ಮಂತ್ರಿ, ಕೊಲ್ಲಲಾರದೆ ಆ ಹೆಚ್ಚಿನ ಬೆರಳನ್ನಷ್ಟೇ ಕತ್ತರಿಸಿ ಗುರುತು ಒಯ್ಯುವ ಕಟುಕರು, ವಿಷ ಕೊಡು ಎಂಬ ಓಲೆಯಲ್ಲಿ ಒಂದಕ್ಷರ ತಿದ್ದಿ ತನ್ನನ್ನೇ ಕೊಡುವಂತೆ ಮಾಡುವ ಮಂತ್ರಿಯ ಮಗಳು ವಿಷಯೆ. ಚಂಡಿಕಾ ಗುಡಿಯಲ್ಲಿ ಅಳಿಯನಿಗೆಂದು ಇಟ್ಟ ಕತ್ತಿ ಮಗನ ಕೊರಳಿಗೆ ಬೀಳುವ ತನಕ ಒಂದು ಕೊಂಡಿಯೂ ಸಡಿಲವಿಲ್ಲ.

ಆಮೇಲೆ ಸುಧನ್ವ. ಅದಾದ ಮೇಲೆ ನೀಲಧ್ವಜ ಮತ್ತು ಬಭ್ರುವಾಹನ, ಇವೆರಡನ್ನು ಬೇರೆ ಮಾಡದೆ, ಕುಶಲವರ ಸಹಿತ. ಪ್ರತಿ ಸಂಧಿಯ ತಲೆಯಲ್ಲಿ ಮುಂದಿನ ಕಥೆ ಹೇಳಿಬಿಡುವ ‘ಸೂಚನೆ’ ಪದ್ಯವಿರುತ್ತದೆ. ಕಥೆ ಮೊದಲೇ ಗೊತ್ತಾದರೆ ರಸಭಂಗ ಎನ್ನುವವರು ಅದನ್ನು ಹಾರಿಸಬಹುದು, ಬೇಕಾದ ಕಥೆ ಹುಡುಕುವವರಿಗೆ ಅದೇ ವಿಷಯಸೂಚಿ. ಸಂಧಿಯೊಂದಕ್ಕೆ ಸರಾಸರಿ 56 ಪದ್ಯ ಬರುತ್ತವೆ. ರಾಗವಿಲ್ಲದೆ ಗಟ್ಟಿಯಾಗಿ ಓದಿದರೆ ಪದ್ಯಕ್ಕೆ ಅರ್ಧ ನಿಮಿಷ, ಸಂಧಿಗೆ ಅರ್ಧ ಗಂಟೆ. ತಾತ್ಪರ್ಯ ನೋಡುತ್ತಾ ಓದಿದರೆ ಅದರ ಮೂರರಷ್ಟು ಹಿಡಿಯುತ್ತದೆ. ಮನಸ್ಸಿನಲ್ಲೇ ಓದಿಕೊಂಡರೆ ಐದರ ನಡೆ ಕಿವಿಗೆ ಬೀಳುವುದೇ ಇಲ್ಲ, ಪದ್ಯ ಬರೀ ಒಗಟಾಗಿ ಉಳಿಯುತ್ತದೆ.

ಗಮಕ ವಾಚನ, ಎಂದರೆ ಕಾವ್ಯವನ್ನು ರಾಗವಾಗಿ ಓದುವುದು, ಕೇಳುವ ಅವಕಾಶ ಸಿಕ್ಕಿದರೆ ಪುಸ್ತಕ ಹಿಡಿದೇ ಹೋಗಬೇಕು. ಗಮಕದಲ್ಲಿ ತಾಳವಿಲ್ಲ, ವಾಚನಕಾರರು ಅರ್ಥಕ್ಕೆ ತಕ್ಕಂತೆ ಪದ ಒಡೆಯುತ್ತಾರೆ. ಸಾಲು ಎಲ್ಲಿ ಮುರಿದಿದೆ, ದನಿ ಎಲ್ಲಿ ನಿಲ್ಲುತ್ತದೆ ಎಂದು ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡರೆ ಮುಂದಿನ ಪದ್ಯಗಳನ್ನು ಒಡೆಯುವುದು ತಾನಾಗಿ ಬರುತ್ತದೆ. ಮಲೆನಾಡಿನ ಕಡೆಯವರಿಗೆ ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಸುಧನ್ವಾರ್ಜುನ, ಬಭ್ರುವಾಹನ ಕಾಳಗ ಪರಿಚಿತವೇ. ಅಲ್ಲಿಯ ಮಾತುಗಾರಿಕೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯದು, ಲಕ್ಷ್ಮೀಶನದಲ್ಲ. ಪಾತ್ರದ ವಾದ ತಿಳಿಯಲು ಒಳ್ಳೆಯದು, ಪದ್ಯಕ್ಕೆ ಅದು ಬದಲಿಯಲ್ಲ. 1977ರ ಬಭ್ರುವಾಹನ ಸಿನಿಮಾದಲ್ಲಿ ಅಪ್ಪ–ಮಗ ಎರಡೂ ಪಾತ್ರ ರಾಜ್‌ಕುಮಾರ್ ಅವರದೇ. ಅದನ್ನು ನೋಡಿದವರು ಈ ಭಾಗ ಓದುವಾಗ ಆ ಎರಡು ದನಿಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ, ತಪ್ಪಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ.

ಮಕ್ಕಳಿಗೆ ಓದಿ ಹೇಳುವುದಾದರೆ ಚಂಡಿಯ ಕಥೆ ಒಳ್ಳೆಯ ಆರಂಭ: ಹೇಳಿದ್ದರ ಉಲ್ಟಾ ಮಾಡುವವಳಿಂದ ಕೆಲಸ ಮಾಡಿಸಲು ಗಂಡ ಎಲ್ಲವನ್ನೂ ಉಲ್ಟಾ ಹೇಳುವುದು, ಎಲ್ಲ ಸುಸೂತ್ರವಾಗಿ ನಡೆದು ಕೊನೆಗೆ ಮೈಮರೆತು ಒಂದು ಮಾತು ನೇರವಾಗಿ ಹೇಳಿ ಕೆಡಿಸಿಕೊಳ್ಳುವುದು ಅವರಿಗೆ ಕೂಡಲೇ ಹಿಡಿಸುತ್ತದೆ. ಮಯೂರಧ್ವಜನ ಗರಗಸವನ್ನು ತೀರ ಚಿಕ್ಕವರಿಗೆ ಹೇಳದಿದ್ದರೆ ಒಳ್ಳೆಯದು. ಭೀಷಣನ ಭಾಗ, ವೀರವರ್ಮನ ಭಾಗ ಇವನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ.